ಅಣ್ಣ ಬಿಟ್ಟುಹೋದ ಗುಂಡುಳಿ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಒಂದು ಉಗುರು. ಎಡಗೈ ಹೆಬ್ಬೆರಳಿನದು. ಉಳಿ ಹರಿತವಾಗಿದೆಯೋ ಇಲ್ಲವೋ ಎಂದು ಮರ ಕಡೆಯುವವರು ನೋಡುವುದು ಹೀಗೆ: ಅದರ ಅಂಚನ್ನು ಮೆಲ್ಲಗೆ ಉಗುರಿನ ಮೇಲಿಡುತ್ತಾರೆ. ಹರಿತವಿದ್ದರೆ ಕಚ್ಚಿ ನಿಲ್ಲುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಹೂಂಕಾರಪ್ಪ ಬೆಳಿಗ್ಗೆ ಟೀ ಕುಡಿದು ಮುಗಿಸಿ, ಸತ್ತ ಅಣ್ಣನ ಗುಂಡುಳಿಯನ್ನು ಬಟ್ಟೆಯಿಂದ ಬಿಚ್ಚಿ ಉಗುರಿನ ಮೇಲಿಟ್ಟ. ಅದು ಸೋಪಿನ ಮೇಲೆ ಕಾಲಿಟ್ಟವನ ಹಾಗೆ ಜಾರಿತು.

"ಮೊಂಡು," ಅಂದ ಹೂಂಕಾರಪ್ಪ.

ಹೂಂಕಾರಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಸಿಂಹ, ಹುಲಿಗಳ ಹೂಂಕಾರಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ. ಯಾರು ಏನು ಹೇಳಿದರೂ ‘ಹೂಂ’ ಎನ್ನುವ ಸ್ವಭಾವ, ಅಷ್ಟೆ. ಮಂಚದ ಕಾಲು ದಪ್ಪಗಿರಲಿ ಎಂದರೆ ಹೂಂ, ಸಣ್ಣಗಿರಲಿ ಎಂದರೆ ಹೂಂ. ಒಮ್ಮೆ ಗಂಡ ಹೆಂಡತಿ ಇಬ್ಬರೂ ಬಂದು, ಗಂಡ ದಪ್ಪ ಎಂದು ಹೆಂಡತಿ ಸಣ್ಣ ಎಂದಾಗ ಇಬ್ಬರಿಗೂ ಹೂಂ ಎಂದು, ತಲೆಯ ಕಡೆಗೆ ದಪ್ಪ ಕಾಲು, ಪಾದದ ಕಡೆಗೆ ಸಣ್ಣ ಕಾಲು ಕಡೆದುಕೊಟ್ಟಿದ್ದ. ಆ ದಂಪತಿ ಈಗಲೂ ಅದೇ ಮಂಚದ ಮೇಲೆ ಮಲಗುತ್ತಾರೆ, ಆದರೆ ಇವನ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಅವತ್ತಿನ ಕೆಲಸ ಮಂಚದ ಕಾಲಾಗಿರಲಿಲ್ಲ. ಹೋದ ವಾರ ಅವನ ಅಣ್ಣ ತೀರಿಕೊಂಡಿದ್ದ. ಅಣ್ಣನದೂ ಇದೇ ಕಸುಬು. ಜೀವಮಾನವೆಲ್ಲ ಅಣ್ಣ ಮರವನ್ನು ಕಡೆದ. ಕೊನೆಗೆ ಮರದ ಹೊಟ್ಟು ಎದೆಯೊಳಗೆ ಸೇರಿ ಅವನನ್ನೇ ಕಡೆಯಿತು. ಇನ್ನು ಹೆಚ್ಚು ಕಾಲವಿಲ್ಲ ಎಂದು ಗೊತ್ತಾದಾಗ ತನ್ನ ಬೂದಿಗೆಂದು ತಾನೇ ಒಂದು ಮರದ ಭರಣಿ ಕಡೆಯಲು ಕೂತ. "ಬೇರೆಯವರಿಗೆ ಕೊಟ್ರೆ ಅಳತೆ ತಪ್ಪಿಸ್ತಾರೆ" ಎಂದಿದ್ದನಂತೆ. ಭರಣಿ ಮುಗಿಯಿತು, ಮುಚ್ಚಳ ಬಾಕಿ ಉಳಿಯಿತು, ಅಣ್ಣ ಹೊರಟುಹೋದ. ಈಗ ಅವನ ಬೂದಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಡಬ್ಬಿಯ ಮೇಲೆ, ಆಗಷ್ಟೇ ಎರಡು ಹಲ್ಲು ಬಂದ ಮಗುವೊಂದು ಬಾಯ್ತುಂಬ ನಗುತ್ತಿತ್ತು.

ಬೆಳಗಾಗುತ್ತಲೇ ಅತ್ತಿಗೆ ಬಂದು ಭರಣಿಯನ್ನೂ, ಮುಚ್ಚಳಕ್ಕೆಂದು ಅಣ್ಣ ಎತ್ತಿಟ್ಟಿದ್ದ ಮರದ ತುಂಡನ್ನೂ, ಬಟ್ಟೆಯಲ್ಲಿ ಸುತ್ತಿದ ಗುಂಡುಳಿಯನ್ನೂ ಶೆಡ್ಡಿನಲ್ಲಿ ಇಟ್ಟು ಹೋಗಿದ್ದಳು.

"ಮಗಳು ಸಾಯಂಕಾಲದ ಬಸ್ಸಿಗೆ ಬರ್ತಾಳೆ. ನಾಳೆ ಬೆಳಿಗ್ಗೆ ಅವಳ ಅಪ್ಪನ್ನ ಕರ್ಕೊಂಡು ಹೋಗ್ತಾಳೆ," ಎಂದಿದ್ದಳು. ಅತ್ತಿಗೆ ಬೂದಿ ಎನ್ನುತ್ತಿರಲಿಲ್ಲ. "ಮುಚ್ಚಳ ಇಲ್ದೆ ಬಸ್ಸಲ್ಲಿ ಒಯ್ಯೋಕಾಗಲ್ಲ. ಅವಳು ಬರೋದ್ರೊಳಗೆ ಭರಣಿಗೆ ಹಾಕಿ ಮುಚ್ಚಿಟ್ಟಿರ್ಬೇಕು ನಾನು. ಅಪ್ಪನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ನೋಡಬಾರದು ಅವಳು."

"ಹೂಂ ಅತ್ತಿಗೆ."

"ಇದೇ ಉಳಿಯಲ್ಲಿ ಮಾಡ್ಬೇಕಂತೆ, ಬೇರೆ ಮುಟ್ಟಬಾರ್ದಂತೆ. ಹೇಳಿ ಹೋಗಿದಾರೆ. ಅವರು ಇಟ್ಟಂಗೇ ಇದೆ, ನಾನು ಬಿಚ್ಚೂ ನೋಡಿಲ್ಲ. ಒರೆಸ್ಕೊಂಡು ಶುರು ಮಾಡಿ, ಅಷ್ಟೆ."

"ಹೂಂ."

ಅತ್ತಿಗೆ ಹೋದ ಮೇಲೆ ಹೂಂಕಾರಪ್ಪ ಆ ಕೊನೆಯ ಮಾತು ನೆನೆದು ಮರುಕದಿಂದ ತಲೆಯಾಡಿಸಿದ. ಒರೆಸಿಕೊಂಡು ಶುರು ಮಾಡಬೇಕಂತೆ! ಪಾಪ, ಉಳಿಯ ವಿಷಯ ಆಕೆಗೇನು ಗೊತ್ತು? ಅಪ್ಪ ಅಣ್ಣತಮ್ಮಂದಿರಿಬ್ಬರಿಗೂ ಕಲಿಸಿದ ಮೊದಲ ಪಾಠವೇ, ಬೆಳಿಗ್ಗೆ ಎದ್ದು ಮೊದಲು ಸಾಣೆ, ಆಮೇಲೆ ಕೆಲಸ ಎಂಬುದು. ಕೆಲಸ ಮುಗಿಸಿ ಎತ್ತಿಟ್ಟ ಉಳಿ ಎಂದರೆ ಮೊಂಡು ಉಳಿ. ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟೇ ಖಚಿತ ಅದು.

ಹೂಂಕಾರಪ್ಪನ ಬಳಿ ಸಾಣೆಯೇ ಇರಲಿಲ್ಲ ಎಂದಲ್ಲ. ಕೈಯಲ್ಲಿ ತಿರುಗಿಸುವ ಅಪ್ಪನ ಕಾಲದ ಒಂದು ಕಲ್ಲಿನ ಚಕ್ರವಿತ್ತು. ಸವೆದು ಸವೆದು ನಡುವೆ ಹಳ್ಳ ಬಿದ್ದಿತ್ತು. ಲಟ್ಟಣಿಗೆ, ಮಂಚದ ಕಾಲು ಕಡೆಯುವ ಉಳಿಗಳಿಗೆ ಅದೇ ಧಾರಾಳ. ಆದರೆ ಅಣ್ಣನ ಗುಂಡುಳಿ! ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಬಾಗು, ಬೆರಳುಗುರಿನಂತೆ ದುಂಡಗಿನ ತುದಿ. ಇದನ್ನು ಹಳ್ಳ ಬಿದ್ದ ಕಲ್ಲಿಗೆ ಹಿಡಿಯಲು ಅವನಿಗೆ ಮನಸ್ಸಾಗಲಿಲ್ಲ. ಅಣ್ಣ ಹಾಸಿಗೆ ಹಿಡಿದಿದ್ದಾಗ ಅವನು ಹಣ್ಣು ಕೊಟ್ಟು, ಬಾಗಿಲಲ್ಲೇ ನಿಂತು ಎರಡು ಮಾತಾಡಿ, ಕೆಲಸವಿದೆ ಎಂದು ಓಡಿಬರುತ್ತಿದ್ದ. ಆ ಕೆಮ್ಮು ಕೇಳುತ್ತ ಕೂರಲು ಅವನಿಂದ ಆಗುತ್ತಿರಲಿಲ್ಲ. ಈಗ ಅಣ್ಣನ ಉಳಿಗಾದರೂ ಒಳ್ಳೆಯ ಸಾಣೆ ಹಿಡಿಯೋಣ ಎಂದುಕೊಂಡ. ಎಂಥ ಸಾಣೆ ಒಳ್ಳೆಯದು ಎಂಬುದೊಂದು ಗೊತ್ತಾಗಬೇಕಿತ್ತು.

ಗೊತ್ತಾಗಲಿ ಎಂದು ಉಳಿ ಹಿಡಿದುಕೊಂಡು ಬೀದಿಗೆ ಇಳಿದ. ಹಾಗೆ ಬೀದಿಗೆ ಇಳಿದು ಸಲಹೆ ಕೇಳಿದವನು ಸುಖವಾಗಿ ಮನೆಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ.

ಪಕ್ಕದ ಸ್ಕೂಟರ್ ಮೆಕ್ಯಾನಿಕ್ ಉಳಿಯನ್ನು ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಗ್ಯಾರೇಜಿನಲ್ಲಿ ಎರಡು ಬದಿಗೂ ಬೂದು ಬಣ್ಣದ ಕಲ್ಲು ಹಾಕಿದ ಕರೆಂಟಿನ ಗ್ರೈಂಡರ್ ಇತ್ತು.

"ಅಣ್ಣಾ, ಸಾಣೆ ಅಂದ್ರೆ ಸ್ಪೀಡು. ಗಿರ್ ಅಂತ ತಿರುಗಬೇಕು, ಕಿಡಿ ಹಾರಬೇಕು. ಕೈಯಲ್ಲಿ ತಿರುಗಿಸ್ತಾ ಕೂತ್ರೆ ನಿಮ್ಮಣ್ಣನ ವರ್ಷಾಬ್ದಿಗೆ ಮುಚ್ಚಳ ರೆಡಿ ಆಗುತ್ತೆ."

"ಹೂಂ."

ಗುಂಡಿ ಒತ್ತಿದ. ಕಲ್ಲು ಕಿರುಚಿತು. ಉಳಿ ತಾಗಿದ ಕೂಡಲೇ ಬುಸ್ಸೆಂದು ಹೊಗೆ ಎದ್ದು, ದೀಪ ಆರಿಸಿದಾಗ ಬರುವಂಥ ವಾಸನೆ ಮೂಗಿಗೆ ಹೊಡೆಯಿತು.

"ಇದೇನು ವಾಸನೆ?" ಎಂದ ಹೂಂಕಾರಪ್ಪ.

"ಹಳೇ ಜಿಡ್ಡು ಅಣ್ಣ, ಸುಟ್ಟುಹೋಗ್ಲಿ ಬಿಡಿ. ಒತ್ತಿ ಹಿಡೀರಿ, ಇನ್ನೂ ಒತ್ತಿ!"

ಹೂಂ ಎಂದು ಒತ್ತಿ ಹಿಡಿದ. ಮದುವೆ ಮನೆಯ ಬಾಣಬಿರುಸಿನ ಹಾಗೆ ಕಿಡಿಗಳು ಹಾರಿ ಗ್ಯಾರೇಜೆಲ್ಲ ಬೆಳಗಿತು. ಹೂಂಕಾರಪ್ಪನಿಗೂ ಒಂದು ಗಳಿಗೆ ಉತ್ಸಾಹ ಬಂತು. ಉಳಿಯನ್ನು ಹಿಂದಕ್ಕೆ ತೆಗೆದು ನೋಡಿದರೆ ತುದಿಯಲ್ಲಿ ಕಡು ನೀಲಿ ಬಣ್ಣ ಹರಡಿತ್ತು.

"ಕೊಂದೆಯಲ್ಲಪ್ಪಾ!" ಎಂದು ಹಿಂದಿನಿಂದ ದನಿ ಬಂತು. ಪಂಕ್ಚರ್ ಹಾಕಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದ ನಿವೃತ್ತ ವಿಜ್ಞಾನದ ಮೇಷ್ಟ್ರು ಎದ್ದು ನಿಂತಿದ್ದರು. ಕೆಲಸದಿಂದ ಬಿಡುಗಡೆಯಾದ ಮೇಲೆ ಮೇಷ್ಟ್ರಿಗೆ ಮರದ ಚಮಚ ಕೆತ್ತುವ ಹವ್ಯಾಸ ಹತ್ತಿತ್ತು. ಅವರು ಕೆತ್ತಿದ ಚಮಚದಲ್ಲಿ ಸಾರು ನಿಲ್ಲುತ್ತಿರಲಿಲ್ಲ, ಆದರೆ ಕೆತ್ತನೆಯ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. "ಹಳೇ ಕಾಲದ ಉಕ್ಕು ಇದು. ಕಾವು ಏರಿದ್ರೆ ಹದ ಹೋಗುತ್ತೆ. ನೀಲಿಯಾದ ಉಕ್ಕು ಸತ್ತ ಉಕ್ಕು. ಇನ್ನು ಇದರಲ್ಲಿ ಬೆಣ್ಣೆ ಕೊಯ್ದರೂ ಅಂಚು ಮಡಚುತ್ತೆ."

ಹೂಂಕಾರಪ್ಪ ಉಳಿಯನ್ನು ಮೇಷ್ಟ್ರ ಮುಂದೆ ಹಿಡಿದ. "ಈಗೇನು ಮಾಡೋದು ಮೇಷ್ಟ್ರೇ?"

"ನೀಲಿ ಇರೋ ತನಕ ತೆಗೀಬೇಕು. ಆಮೇಲೆ ಒಳಗಿಂದ ಒಳ್ಳೇ ಉಕ್ಕು ಬರುತ್ತೆ."

"ಅದನ್ನೇ ತಾನೆ ನಾನೂ ಹೇಳಿದ್ದು, ಒತ್ತಿ ಅಂತ," ಎಂದು ಮೆಕ್ಯಾನಿಕ್ ಮತ್ತೆ ಗುಂಡಿ ಒತ್ತಿದ. ಹೂಂಕಾರಪ್ಪ ನೀಲಿಯನ್ನು ತೆಗೆದ. ತೆಗೆಯುವ ಕಾವಿಗೆ ಅದರ ಹಿಂದೆ ಇನ್ನಷ್ಟು ನೀಲಿ ಬಂತು. ಅದನ್ನೂ ತೆಗೆದ. ನೀಲಿ ಹಿಡಿಯ ಕಡೆಗೆ ಓಡುತ್ತಿತ್ತು, ಇವರು ಅದರ ಬೆನ್ನು ಹತ್ತಿದ್ದರು. ಮೇಷ್ಟ್ರು ಕೊನೆಗೆ ಕರೆಂಟಿನ ವೈರನ್ನೇ ಕಿತ್ತು ಹಿಡಿದುಕೊಂಡರು.

"ನಿಲ್ಸಿ! ಕಲ್ಲು ತಪ್ಪು. ಬೂದು ಕಲ್ಲು ಕಬ್ಬಿಣ ಕೆರೆಯೋಕೆ. ಉಳಿಗೆ ಬಿಳೀ ಕಲ್ಲು ಬೇಕು. ಅದು ಮೃದು, ತಾನೇ ಪುಡಿಯಾಗ್ತಾ ಹೊಸ ಹಲ್ಲು ಕೊಡುತ್ತೆ, ಕಾವು ಏರಲ್ಲ. ನಮ್ಮನೇಲಿ ಇದೆ, ತರ್ತೀನಿ. ಆಗಬಹುದಾ?"

"ಹೂಂ."

ಮೆಕ್ಯಾನಿಕ್ಕಿನ ಗಿರಾಕಿಗಳು ಗೊಣಗತೊಡಗಿದ್ದರಿಂದ ಗ್ರೈಂಡರನ್ನು ಹೊತ್ತು ಹೂಂಕಾರಪ್ಪನ ಶೆಡ್ಡಿಗೆ ತಂದರು. ಒಳಗಿನಿಂದ ಹೆಂಡತಿ ಇಣುಕಿದಳು.

"ರೀ, ಅತ್ತಿಗೆ ಏನೋ ಒರೆಸ್ಕೊಂಡು ಶುರು ಮಾಡಿ ಅಂದಂಗಿತ್ತು. ಇದೇನಿದು ಮೆರವಣಿಗೆ?"

"ನಿಂಗೊತ್ತಾಗಲ್ಲ, ಒಳಗೆ ಹೋಗು."

ಊರಿಗೆಲ್ಲ ಹೂಂ ಎನ್ನುವವನು ಬಾಯಲ್ಲೋ ಮನಸ್ಸಿನಲ್ಲೋ ಉಹೂಂ ಎನ್ನುತ್ತಿದ್ದುದು ಅತ್ತಿಗೆ, ಹೆಂಡತಿ ಈ ಇಬ್ಬರು ಹೆಂಗಸರಿಗೆ ಮಾತ್ರ.

ಮೇಷ್ಟ್ರ ಬಿಳೀ ಕಲ್ಲು ಬಂತು. ಅದರ ನಡುವಿನ ತೂತು ಗ್ರೈಂಡರಿನ ಸರಳಿಗಿಂತ ದೊಡ್ಡದಿತ್ತು. ಮೇಷ್ಟ್ರು ಎದೆಗುಂದಲಿಲ್ಲ. ರಟ್ಟು ಕತ್ತರಿಸಿ ಸುತ್ತಿ ತೂತನ್ನು ತುಂಬಿದರು. ಕಂಪಾಸು ಪೆಟ್ಟಿಗೆ ತರಿಸಿ ಕೋನ ಅಳೆದರು.

"ನಲವತ್ತೈದು ಡಿಗ್ರಿ," ಎಂದರು.

"ಅಷ್ಟು ಮೊಂಡಾಗಿ ಯಾಕೆ ಮೇಷ್ಟ್ರೇ? ಮೂವತ್ತಕ್ಕೆ ಹಿಡಿದ್ರೆ ಬ್ಲೇಡ್ ಥರ ಕೊಯ್ಯುತ್ತೆ," ಎಂದ ಮೆಕ್ಯಾನಿಕ್.

"ಗಡ್ಡ ಹೆರೆಯೋಕಲ್ಲಯ್ಯ, ಮರ ಹೆರೆಯೋಕೆ."

ಇಬ್ಬರೂ ಹೂಂಕಾರಪ್ಪನ ಮುಖ ನೋಡಿದರು. ಅವನು ಇಬ್ಬರಿಗೂ ಹೂಂ ಎಂದು, ಅಂಚಿನ ಅರ್ಧವನ್ನು ಒಂದು ಕೋನಕ್ಕೂ ಇನ್ನರ್ಧವನ್ನು ಇನ್ನೊಂದಕ್ಕೂ ಹಿಡಿದ. ರಟ್ಟಿನ ಮೇಲೆ ಕೂತ ಕಲ್ಲು ಕುಡುಕನ ಹಾಗೆ ತೂರಾಡುತ್ತ ತಿರುಗುತ್ತಿತ್ತು. ಕಾವೇನೋ ಏರಲಿಲ್ಲ, ನಿಜ. ಆದರೆ ಅಂಚು ಇಲಿ ಕಡಿದ ರೊಟ್ಟಿಯಂತೆ ಅಲೆ ಅಲೆಯಾಯಿತು. ಅದನ್ನು ಸಮ ಮಾಡಲು ಇನ್ನಷ್ಟು ತೆಗೆಯಬೇಕಾಯಿತು. ಅಷ್ಟರಲ್ಲಿ ರಟ್ಟಿಗೆ ಬೆಂಕಿ ಹತ್ತಿಕೊಂಡಿತು.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ಆಯಿತು. ಢಮ್ ಎಂದು ಬಿಳೀ ಕಲ್ಲು ಸಿಡಿದು ಮೂರು ದಿಕ್ಕಿಗೆ ಹಾರಿತು. ಒಂದು ಚೂರು ಮೇಷ್ಟ್ರ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಯ ಗಾರೆ ಉದುರಿಸಿತು. ಒಂದು ಸೂರಿನಲ್ಲಿ ತೂತು ಮಾಡಿತು. ಇನ್ನೊಂದು ಹಲಗೆಯ ಮೇಲಿದ್ದ ಅಣ್ಣನ ಭರಣಿಗೆ ತಗುಲಿ, ಅದು ಟಕ್ ಎಂದು ಕೆಳಗೆ ಬಿದ್ದು ಉರುಳುತ್ತ ಉರುಳುತ್ತ ಬಾಗಿಲವರೆಗೆ ಹೋಯಿತು. ಹೂಂಕಾರಪ್ಪ ಮಂಡಿಯೂರಿ ಅದನ್ನು ಎತ್ತಿ ಎದೆಗೆ ಅವಚಿಕೊಂಡ. ಕಾಗದದಷ್ಟು ತೆಳ್ಳಗೆ ಕಡೆದ ಬಾಯಿ. ಅದೃಷ್ಟಕ್ಕೆ ಬಿರುಕು ಬಿಟ್ಟಿರಲಿಲ್ಲ. ಅಣ್ಣ ಇದರೊಳಗೆ ಇನ್ನೂ ಸೇರಿಲ್ಲವಲ್ಲ, ಸದ್ಯ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಕಣ್ಣಲ್ಲಿ ನೀರು ಬಂತು.

"ಸಾಣೆ ಹಿಡಿಸ್ತೀರೋ, ಇನ್ನೊಂದು ಹೆಣ ಬೀಳಿಸ್ತೀರೋ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೂಗಿದಳು.

ಮೇಷ್ಟ್ರು ಕಿವಿ ಮುಟ್ಟಿ ನೋಡಿಕೊಳ್ಳುತ್ತ, "ಸಿದ್ಧಾಂತ ಸರಿಯಾಗೇ ಇತ್ತು, ರಟ್ಟು ಕಳಪೆ," ಎಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಭಾವಮೈದ ಬಂದ. ಅವನದು ಹಾರ್ಡ್‌ವೇರ್ ಅಂಗಡಿ. ಸಾವಿನ ಮನೆಗಾದರೂ ಸರಿ, ಕೈಯಲ್ಲಿ ಒಂದು ಮಾಲಿಲ್ಲದೆ ಅವನು ಬಂದದ್ದಿಲ್ಲ. ಢಮ್ ಎಂದ ಸದ್ದು ಅಂಗಡಿಯವರೆಗೂ ಕೇಳಿಸಿತಂತೆ. ವಿಷಯ ತಿಳಿದವನೇ ತಳ್ಳುಗಾಡಿಯಲ್ಲಿ ಒಂದು ಹೊಸ ಯಂತ್ರ ಹೇರಿಕೊಂಡು ಬಂದಿದ್ದ. ಕೆಳಗೆ ನೀರಿನ ತೊಟ್ಟಿ, ಅದರಲ್ಲಿ ಅರ್ಧ ಮುಳುಗಿ ಎಮ್ಮೆಯ ನಡಿಗೆಯಲ್ಲಿ ತಿರುಗುವ ದೊಡ್ಡ ಕಲ್ಲು, ಮುಂದೆ ಉಳಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಕೈ.

"ಭಾವಾ, ಇವರ ಮಾತು ಕೇಳಿ ಕೆಟ್ರಿ. ಇದು ನೀರಿನ ಸಾಣೆ. ಕಾವಿಲ್ಲ, ಕಿಡಿಯಿಲ್ಲ. ಕೋನದ ಚಿಂತೆಯೂ ಇಲ್ಲ, ಉಳೀನ ಈ ಕೈಗೆ ಸಿಕ್ಸಿದ್ರೆ ಸಾಕು. ಅದೇ ಹಿಡಿಯುತ್ತೆ, ಅದೇ ತಿರುಗಿಸುತ್ತೆ, ನೀವು ಪಕ್ಕದಲ್ಲಿ ಕೂತು ಟೀ ಕುಡೀಬಹುದು. ಇಳಿಸ್ಲಾ?"

"ಹೂಂ."

ಇಳಿಸಿದ. ಉಳಿಯನ್ನು ಕಬ್ಬಿಣದ ಕೈಗೆ ಸಿಕ್ಕಿಸಲು ನೋಡಿದರೆ ಆ ಕೈಗೆ ಅಂಗೈ ಉದ್ದದ ಅಲಗು ಬೇಕಿತ್ತು. ಬೆಳಿಗ್ಗೆ ಇದ್ದ ಅಂಗೈ ಉದ್ದ ಈಗ ಇರಲಿಲ್ಲ. ಮೂವರೂ ಸೇರಿ ಯೋಚಿಸಿದರು. ಉಳಿಯ ಬುಡ ಹಿಡಿಯೊಳಗೆ ಅಡಗಿರುತ್ತದಲ್ಲ, ಹಿಡಿ ಕಿತ್ತರೆ ಉದ್ದ ಸಿಗುತ್ತದೆ ಎಂದು ಮೆಕ್ಯಾನಿಕ್ ಸೂಚಿಸಿದ. ಅಣ್ಣನ ಕೈಬೆವರು ಕುಡಿದು ಕಪ್ಪಗಾಗಿದ್ದ ಹಿಡಿ ಅದು. ಹೂಂಕಾರಪ್ಪ ಮೊದಲ ಸಲ ತಡವರಿಸಿದ. "ಹಿಡಿ ಬೇಡ…" ಎಂದ.

"ಮತ್ತೆ ಹಾಕ್ಕೊಂಡ್ರಾಯ್ತು ಭಾವ, ಏನಾಗುತ್ತೆ?"

ಮೂರು ಜೊತೆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

"ಹೂಂ," ಎಂದ.

ಸುತ್ತಿಗೆಯ ಎರಡನೇ ಏಟಿಗೆ ಹಿಡಿ ಸೀಳಿ ಎರಡಾಯಿತು.

ಆಮೇಲೆ ನೀರಿನ ಸಾಣೆ ಶುರುವಾಯಿತು. ಕಲ್ಲು ಗುಳುಗುಳು ಎನ್ನುತ್ತ ತಿರುಗಿತು. ಮಧ್ಯಾಹ್ನ ಇಳಿಯಿತು. ಮೇಷ್ಟ್ರು ಹೋಗಿ ಕಬ್ಬಿಣದ ಕೈಯನ್ನು ಸ್ವಲ್ಪ ಮೇಲಕ್ಕೆ ಏರಿಸಿ ಬಂದರು. ಅವರು ಅತ್ತ ತಿರುಗಿದಾಗ ಮೆಕ್ಯಾನಿಕ್ ಅದನ್ನು ಕೆಳಕ್ಕೆ ಇಳಿಸಿದ. ಇಬ್ಬರೂ ಟೀ ಕುಡಿಯುವಾಗ ಭಾವಮೈದ ಯಂತ್ರದ ಪುಸ್ತಿಕೆ ನೋಡಿ ಇನ್ನೆಲ್ಲೋ ಬಿಗಿದ. ಒಂದೊಂದು ಬದಲಾವಣೆಗೂ ಮೊದಲಿನ ಕೋನವನ್ನು ಪೂರ್ತಿ ಸವೆಸಿ ಹೊಸ ಕೋನ ಹುಟ್ಟಬೇಕಿತ್ತು. ಹತ್ತು ಮಂದಿ ಹೆತ್ತ ಕೂಸು ಹುಟ್ಟುತ್ತಲೇ ಸತ್ತಿತು ಎಂಬ ಹಾಗೆ, ಹುಟ್ಟಿದ ಪ್ರತಿ ಅಂಚೂ ಮುಂದಿನ ಸಲಹೆಗೆ ಬಲಿಯಾಯಿತು. ತೊಟ್ಟಿಯ ತಳದಲ್ಲಿ ಬೂದು ಬಣ್ಣದ ಕೆಸರು ತುಂಬುತ್ತ ಬಂತು.

ಬಿಸಿಲು ಬಾಗಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ ಭಾವಮೈದ ಉಳಿಯನ್ನು ಬಿಡಿಸಿ ಎತ್ತಿ ತೋರಿಸಿದ. ಹೆಬ್ಬೆರಳಿನಷ್ಟು ಉದ್ದವಿತ್ತು. ಆದರೆ ಅವನು ತನ್ನ ಉಗುರಿನ ಮೇಲಿಟ್ಟು ನೋಡಿದರೆ ಕಚ್ಚಿತು!

"ಕಚ್ಚಿತು, ಕಚ್ಚಿತು!" ಎಂದು ಮೂವರೂ ಒಬ್ಬರ ಕೈ ಒಬ್ಬರು ಕುಲುಕಿದರು. ಇದು ತನ್ನ ಯಂತ್ರದ ಗುಣ ಎಂದು ಭಾವಮೈದನೂ, ತನ್ನ ಕೋನದ ಗುಣ ಎಂದು ಮೇಷ್ಟ್ರೂ, ಬುನಾದಿ ಹಾಕಿದ್ದು ತಾನು ಎಂದು ಮೆಕ್ಯಾನಿಕ್ಕೂ ಜಗಳಕ್ಕೆ ಬಿದ್ದರು.

ಹೂಂಕಾರಪ್ಪ ಆ ಮೋಟು ಉಳಿಗೆ ಇನ್ಯಾವುದೋ ಹಿಡಿ ಸಿಕ್ಕಿಸಿ, ಅಣ್ಣ ಎತ್ತಿಟ್ಟಿದ್ದ ಮರದ ತುಂಡನ್ನು ಲೇತಿಗೆ ಬಿಗಿದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಚ್ಚಳ ಎಂದರೆ ಅಂಥ ದೊಡ್ಡ ಕೆಲಸವೂ ಅಲ್ಲ. ಲೇತು ತಿರುಗಿತು. ಉಸಿರು ಬಿಗಿಹಿಡಿದು ಉಳಿ ತಾಗಿಸಿದ. ಮೊದಲು ಒಂದು ಎಳೆ ಸಿಪ್ಪೆ ರೇಷ್ಮೆಯ ಹಾಗೆ ಸುರುಳಿ ಸುರುಳಿಯಾಗಿ ಬಂತು. ಎಲ್ಲರೂ ಆಹಾ ಎಂದರು. ಎರಡನೇ ಎಳೆಗೆ ಉಳಿ ಗಕ್ಕೆಂದು ಮರದೊಳಗೆ ಕಚ್ಚಿಕೊಂಡಿತು. ಆಧಾರಕ್ಕೆ ಊರಲು ಉದ್ದವೇ ಇಲ್ಲದ ಅಲಗು. ಕೈಯಿಂದ ತಪ್ಪಿಸಿಕೊಂಡು ಮೂಲೆಗೆ ಹಾರಿತು. ಮರದ ತುಂಡು ಎರಡು ಹೋಳಾಗಿ ಒಂದು ಮೇಷ್ಟ್ರ ಕಾಲ ಬುಡಕ್ಕೂ ಇನ್ನೊಂದು ಬಾಗಿಲ ಕಡೆಗೂ ಸಿಡಿಯಿತು.

ಬಾಗಿಲ ಕಡೆಗೆ ಹಾರಿದ ಹೋಳನ್ನು ಬಗ್ಗಿ ಎತ್ತಿಕೊಂಡವಳು ಅಣ್ಣನ ಮಗಳು. ಹಿಂದಿನ ಬಸ್ಸೇ ಸಿಕ್ಕಿ ಬೇಗ ಬಂದುಬಿಟ್ಟಿದ್ದಳು. ಅವಳ ಒಂದು ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅತ್ತಿಗೆ ಅವಳ ಹಿಂದೆ ನಿಂತಿದ್ದಳು.

"ಮನೆಯೊಳಗೆ ಬಂದವಳೇ ಮೊದಲು ಅಪ್ಪ ಎಲ್ಲಿ ಅಂತ ಕೇಳಿದ್ಲು," ಎಂದಳು ಅತ್ತಿಗೆ, ತಪ್ಪು ತನ್ನದೇ ಎಂಬಂತೆ. "ಮುಚ್ಚಿಡೋಕೆ ಆಗ್ಲಿಲ್ಲ."

ಡಬ್ಬಿಯ ಮೇಲಿನ ಮಗು ಒಂದೇ ನಗುತ್ತಿತ್ತು.

ಹುಡುಗಿ ಶೆಡ್ಡನ್ನು ಸುತ್ತ ನೋಡಿದಳು. ಸೂರಿನ ತೂತು, ಗೋಡೆಯ ಗಾಯ, ಎರಡು ಯಂತ್ರ, ಸೀಳಿದ ಹಿಡಿ. ಹಿಡಿಯನ್ನು ಅವಳು ಗುರುತಿಸಿದಳು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಮೋಟು ಉಳಿಯನ್ನೂ ಗುರುತಿಸಿದಳು.

"ಸಾಣೆ ಹಿಡಿದ್ರಾ ಚಿಕ್ಕಪ್ಪ?" ಎಂದಳು. ಕೋಪದ ದನಿಯಲ್ಲ. ನಂಬಲಾಗದವರ ದನಿ.

"ಹೂಂ. ಮೊಂಡಾಗಿತ್ತಮ್ಮ. ಉಗುರಿನ ಮೇಲೆ ಇಟ್ರೆ ಜಾರ್ತಿತ್ತು."

"ಜಾರುತ್ತಲ್ಲ, ಅದು ಮೇಣ."

"ಮೇಣ?"

"ಮೇಣದಬತ್ತಿ. ಕಾಯಿಲೆ ಬಂದ ಮೇಲೆ ಅಪ್ಪಂಗೆ ಬೆಳಿಗ್ಗೆ ಹೊತ್ತು ಕೆಮ್ಮು ಬಿಡ್ತಿರ್ಲಿಲ್ಲ. ಸಾಯಂಕಾಲ ಸ್ವಲ್ಪ ಉಸಿರು ಸಿಗ್ತಿತ್ತು. ಅದಕ್ಕೇ ಸಾಯಂಕಾಲವೇ ಸಾಣೆ ಹಿಡಿದು, ಅಂಚಿಗೆ ತುಕ್ಕು ಹಿಡೀಬಾರ್ದು, ಪೆಟ್ಟು ಬೀಳಬಾರ್ದು ಅಂತ ಮೇಣ ಕರಗಿಸಿ ಅದ್ದಿ ಇಡೋರು. ಬೆಳಿಗ್ಗೆ ಒರೆಸ್ಕೊಂಡ್ರೆ ಸಾಕು, ಇರೋ ಚೂರು ಶಕ್ತಿ ಕೆಲಸಕ್ಕೇ ಉಳಿಯುತ್ತೆ ಅನ್ನೋರು. ನಿಮಗೆ ಗೊತ್ತಿರ್ಲಿಲ್ವಾ?"

ಒಂದು ಸಂಜೆ ಹೋಗಿ ಅಣ್ಣನ ಪಕ್ಕದಲ್ಲಿ ಕೂತಿದ್ದರೆ ಗೊತ್ತಿರುತ್ತಿತ್ತು. ಹೂಂಕಾರಪ್ಪ ನೆಲ ನೋಡಿದ. ದೀಪ ಆರಿಸಿದಾಗ ಬರುವ ಆ ವಾಸನೆ ಮತ್ತೆ ಮೂಗಿಗೆ ಬಂದಂತಾಯಿತು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಯಾವ ಚಕ್ರದಲ್ಲಿ ಹಿಡೀತಿದ್ರಮ್ಮ ಸಾಣೆ? ಬೂದು ಕಲ್ಲೋ, ಬಿಳಿಯೋ?"

"ಚಕ್ರನಾ? ಅಂಗೈಯಷ್ಟು ಒಂದು ಕಲ್ಲು. ದಿಂಬಿಗೆ ಒರಗಿಕೊಂಡೇ ತೀಡೋರು. ಇದನ್ನ ಹೋಗೋ ಹಿಂದಿನ ಸಾಯಂಕಾಲ ತೀಡಿದ್ದು. ನಾನು ಫೋನಲ್ಲಿದ್ದೆ. ಒಂದು ಸಲ ತೀಡೋದು, ನಿಲ್ಸಿ ಉಸಿರು ತಗೊಳ್ಳೋದು. ಮತ್ತೆ ಒಂದು ಸಲ. ಮಾತೇ ಆಡ್ಲಿಲ್ಲ, ಆ ಸದ್ದೇ ಕೇಳಿಸ್ತಿತ್ತು ನಂಗೆ." ಅವಳು ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. "ಕೊನೇಗೆ, ಜೀವಮಾನದಲ್ಲಿ ಇಂಥ ಅಂಚು ಬಂದಿರ್ಲಿಲ್ಲ ಕಣೇ ಅಂದ್ರು. ಇದನ್ನ ನನ್ನ ತಮ್ಮಂಗೇ ಕೊಡಿ, ಅವನು ಒರೆಸಿ ನೋಡ್ಲಿ, ಅವನಿಗೊಬ್ಬನಿಗೇ ಗೊತ್ತಾಗೋದು ಅಂದ್ರು."

ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು. ಗ್ಯಾರೇಜಿನಲ್ಲಿ ಯಾರೋ ಕರೆದರು ಎಂದು ಮೆಕ್ಯಾನಿಕ್ ಹೊರಟ; ಯಾರೂ ಕರೆದಿರಲಿಲ್ಲ. ಭಾವಮೈದ ತಳ್ಳುಗಾಡಿಯನ್ನು ಮಾತ್ರ ಎಳೆದುಕೊಂಡು, ಹೋಗುವ ಮುಂಚೆ ಹೂಂಕಾರಪ್ಪನ ಕಿವಿಯ ಬಳಿ ಬಗ್ಗಿದ.

"ಭಾವಾ, ಇದು ಹೇಳೋ ಹೊತ್ತಲ್ಲ. ಆದ್ರೆ ಕಲ್ಲು ನೀರಿಗೆ ಇಳಿದ ಮೇಲೆ ಮಾಲು ವಾಪಸ್ ತಗೊಳ್ಳೋಕೆ ಬರಲ್ಲ. ಯಂತ್ರ ಇಲ್ಲೇ ಇರ್ಲಾ?"

"ಹೂಂ," ಎಂದ ಹೂಂಕಾರಪ್ಪ. ಏನು ಕೇಳಿದ ಎಂಬುದೇ ಅವನಿಗೆ ಗೊತ್ತಾಗಿರಲಿಲ್ಲ.

ಅತ್ತಿಗೆ ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗ್ರೈಂಡರಿನ ಕೆಳಗೆ ಬಿದ್ದಿದ್ದ ಬೂದು ಪುಡಿಯನ್ನು ಸೆರಗಿನ ತುದಿಯಿಂದ ಒಟ್ಟು ಮಾಡಿ, ಚಿಟಿಕೆ ಚಿಟಿಕೆಯಾಗಿ ಅಂಗೈಗೆ ತಗೊಂಡಳು. ಉಕ್ಕಿನ ಪುಡಿ ಯಾವುದು, ಕಲ್ಲಿನ ಪುಡಿ ಯಾವುದು ಹೇಳುವಂತಿರಲಿಲ್ಲ. ಮಗಳು ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು. ಅತ್ತಿಗೆ ಪುಡಿಯನ್ನು ಅದರೊಳಗೆ ಉದುರಿಸಿದಳು.

"ಜೊತೆಗೇ ಹೋಗ್ಲಿ," ಎಂದಳು. "ನಿಮ್ಮಣ್ಣಂದೇ ತಾನೆ."

ಹೂಂಕಾರಪ್ಪ ಭರಣಿ ಎತ್ತಿಕೊಟ್ಟ. ಮುಚ್ಚಳವಿಲ್ಲದ ಖಾಲಿ ಭರಣಿಯನ್ನು ಅತ್ತಿಗೆ ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ನಡೆದಳು. ಬೆಳಿಗ್ಗೆ ಬಸ್ಸಿನಲ್ಲಿ ಅಣ್ಣ ಬಿಸ್ಕತ್ತಿನ ಡಬ್ಬಿಯಲ್ಲೇ ಹೋಗುತ್ತಾನೆ ಎಂಬುದು ಇನ್ನು ಖಚಿತವಾಗಿತ್ತು.

ಮಗಳು ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದಳು.

"ಚಿಕ್ಕಪ್ಪ, ಕಲ್ಲಿಗೆ ಹಿಡಿಯೋಕೆ ಮುಂಚೆ ಒಂದು ಸಲನಾದ್ರೂ ಒರೆಸಿ ನೋಡಿರ್ತೀರಲ್ಲ, ಆ ಅಂಚನ್ನ? ನಾವ್ಯಾರೂ ನೋಡ್ಲಿಲ್ಲ. ನೀವೊಬ್ರೇ ನೋಡಿದ್ದು."

ಹೂಂಕಾರಪ್ಪ ತನ್ನ ಹೆಬ್ಬೆರಳಿನ ಉಗುರು ನೋಡಿಕೊಂಡ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಹೂಂ," ಎಂದ.

"ಅಪ್ಪ ಹೇಳಿದಷ್ಟು ಚೆನ್ನಾಗಿತ್ತಾ?"

"ಹೂಂ."

ಅವಳು ಇನ್ನೂ ಏನಾದರೂ ಹೇಳಿಯಾನೆಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಡಬ್ಬಿಯನ್ನು ಅವಚಿಕೊಂಡು ಮೆಟ್ಟಿಲು ಇಳಿದುಹೋದಳು.